ಪೆನ್ಸಿಲಿನಷ್ಟು ಜಾಗ

ಕೋಚ್ಕೋರ್ ಸಂತೆಯ ಹಿಂದೆ, ಹಡಗಿನಿಂದಿಳಿದ
ಕಬ್ಬಿಣದ ಡಬ್ಬಿಯೊಂದರಲ್ಲಿ ನನ್ನ ಅಂಗಡಿ.
ಹಡಗು ನಾನು ಕಂಡಿಲ್ಲ. ಇಲ್ಲಿಂದ ಯಾವ ಕಡಲಿಗೂ
ಟೈರು ಸವೆದು ಮುಗಿಯುವಷ್ಟು ದೂರ.

ಬುರುಲಾಯ್ ಬಂದಳು, ಕುರಿಗಳ ಡಾಕ್ಟರು.
ಜೂನ್ ಮೊದಲ ವಾರ, ಘಾಟಿಯ ಹಿಮ ಅರ್ಧ ಕರಗಿತ್ತು.
ಸೈಕಲ್ಲು ಒರಗಿಸಿ ಕೇಳಿದಳು:
"ಉಸ್ತಾ, ಎಷ್ಟು ಅಗಲದ್ದು ಹಾಕಿಸಲಿ?"

ಇಷ್ಟೇ ಪ್ರಶ್ನೆ. ಇದಕ್ಕೇ ನಾನೂ ತಮ್ಮನೂ ಮಾತು ಬಿಟ್ಟಿದ್ದು.
ತೊಕ್ತೊಸುನ್ ಮೂವತ್ತೆರಡರ ಪಕ್ಷ:
ಸಣ್ಣದು ಹಗುರ, ಏರಿನಲ್ಲಿ ಸಾಲಗಾರನ ಹಾಗೆ ಹಿಂದೆ ಜಗ್ಗುವುದಿಲ್ಲ.
ನಾನು ಲಾರಿ ಡಿಪೋದಲ್ಲಿ ಹತ್ತೊಂಬತ್ತು ವರ್ಷ ಟೈರು ಉರುಳಿಸಿದವನು,
ದಪ್ಪದ ಪಕ್ಷ.
ಎರಡು ಹಬ್ಬ ಕಳೆದವು, ಒಂದು ತಟ್ಟೆಗೆ ಕೈ ಹಾಕದೆ.

ಅವಳು ವಾದಕ್ಕೆ ಬಂದಿರಲಿಲ್ಲ.
ಕ್ಯಾರಿಯರಿನ ಪೆಟ್ಟಿಗೆ ತೆರೆದಳು:
ಮಂಜುಗಡ್ಡೆ, ಉಣ್ಣೆಯ ತುಂಡು, ಲಸಿಕೆಯ ಸೀಸೆಗಳು.
"ಹೋದ ವರ್ಷ ಮೂವತ್ತೈದರ ಮೇಲೆ ಹೋದೆ.
ನಲವತ್ತು ಸೀಸೆ ಹೊರಟವು, ಮೇಲೆ ತಲುಪಿದ್ದು ಇಪ್ಪತ್ತಾರು.
ಉಳಿದದ್ದನ್ನು ರಸ್ತೆ ಕುಡಿಯಿತು.
ಆ ರಸ್ತೆಗೆ ಇನ್ನು ಯಾವ ಕುರಿರೋಗವೂ ತಗಲದು."

ಗೊತ್ತು ನನಗೆ ಆ ರಸ್ತೆ.
ಲಾರಿಗಳು ತುಳಿತುಳಿದು ತಗಡಿನ ಮಾಡಿನ ಹಾಗೆ ಅಲೆಯೆದ್ದ ಮಣ್ಣು,
ಹಲ್ಲಿಗೆ ಹಲ್ಲು ಬಡಿದು
ಬೈಗುಳವೂ ಬಾಯಲ್ಲೇ ಚೂರಾಗುತ್ತದೆ.
ಆಮೇಲೆ ಮುಷ್ಟಿ ಗಾತ್ರದ ಕಲ್ಲು.
ಘಾಟಿ ದಾಟಿದರೆ ಕೆರೆಯವರೆಗೂ
ಕುದುರೆಗೊರಸು ಕಲಸಿಟ್ಟ ಕೆಸರು.
ಬಾಯಲ್ಲಿ ಒಂದು ದಾರಿ, ಕಾಲಡಿಯಲ್ಲಿ ಮೂರು.
ಟೈರು ಮಾತ್ರ ಒಂದೇ.

"ಐವತ್ನಾಲ್ಕು," ಅಂದೆ, ಯೋಚಿಸದೆ.
ಹಾಕಿದೆ. ಚಕ್ರ ಅರ್ಧ ಸುತ್ತು ಬಂದು
ಫೋರ್ಕಿಗೆ ಕೆನ್ನೆ ಒರೆಸಿ ನಿಂತಿತು.
ಯಾವನೋ ಜರ್ಮನ್ ಅಂಚೆಯವನು ತುಳಿದು ಬಿಟ್ಟ ಸೈಕಲ್ಲು,
ಕಾಗದಕ್ಕೆ ಹೊಲಿದದ್ದು, ಕಲ್ಲಿಗಲ್ಲ.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ಆದರೆ ಈ ಹಾಸಿಗೆಯಲ್ಲಿ ಕೆಸರಿಗೂ ಮಲಗಲು ಜಾಗ ಬೇಕು:
ಈ ಮಗ್ಗುಲಿಗೆ ಒಂದು ಪೆನ್ಸಿಲು, ಆ ಮಗ್ಗುಲಿಗೆ ಒಂದು.

ನಲವತ್ತೆರಡು ಕೂತಿತು.
ಅವಳ ಮುಖ ಸಣ್ಣಗಾಯಿತು.
"ಬರೀ ಏಳು ಮಿಲಿಮೀಟರಿಗೆ ಹದಿನಾಲ್ಕು ಸೀಸೆ ಉಳಿಯುತ್ತವಾ?"

ಆಗ ನಾನು ತಮ್ಮನಿಗೆ ಎಂದೂ ಹೇಳದ್ದನ್ನು ಹೇಳಿದೆ:
ಅಗಲ ಅರ್ಧ ಮಾತು. ಉಳಿದರ್ಧ ಗಾಳಿ.
ಬಿರಿಯುವಷ್ಟು ತುಂಬಿದ ಟೈರು ಜಂಬಗಾರ,
ಪ್ರತಿ ಕಲ್ಲಿಗೂ ಎಗರಿ ಉತ್ತರ ಕೊಡುತ್ತದೆ.
ಇಳಿಸು. ಕಲ್ಲು ಹೇಳುವುದನ್ನು ಹೊಟ್ಟೆಗೆ ಹಾಕಿಕೊಳ್ಳಲಿ.
ತೀರಾ ಇಳಿಸಬೇಡ: ರಿಮ್ಮು ಕೆಳಗೆ ಬಡಿದರೆ
ಹಾವು ಕಚ್ಚಿದ ಹಾಗೆ ಟ್ಯೂಬಿಗೆ ಜೋಡಿ ತೂತು.

ಗೇಜು ಚಾಚಿದೆ. ಬೇಡವೆಂದಳು.
ಗಬ್ಬದ ಕುರಿಯ ಹೊಟ್ಟೆ ಒತ್ತಿ
ಒಂದೋ ಎರಡೋ ಹೇಳುವ ಬೆರಳು ಅದು.
ವಾಲ್ವಿನ ಬಳಿ ಕೂತು ಇಷ್ಟಿಷ್ಟೇ ಬಿಟ್ಟಳು,
ಸುಸ್, ನಿಂತು, ಒತ್ತಿ, ಮತ್ತೆ ಸುಸ್.
ಬಾಗಿಲಲ್ಲಿದ್ದ ನಾಯಿ ಎದ್ದು ಹೋಯಿತು.

ಹನ್ನೊಂದನೆಯ ದಿನ ಬಂದಳು, ಮೂಗಿನ ಸಿಪ್ಪೆ ಸುಲಿದಿತ್ತು.
ಒಂದು ಚೀಲ ಕುರುತ್ ಕೊಟ್ಟಳು, ಕಲ್ಲಿನಂಥ ಮೊಸರುಂಡೆ.
ಎರಡೇ ಸೀಸೆ ಒಡೆದದ್ದಂತೆ,
ಒಂದು ಬಿದ್ದಾಗ, ಇನ್ನೊಂದು ನಗುವಾಗ.
ಯಾಕೆ ನಕ್ಕಳೋ ಹೇಳಲಿಲ್ಲ.
ನಾನು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದೆ: 38.

ಸಂಜೆ ತೊಕ್ತೊಸುನ್ ಆ ದಾರಿಯಲ್ಲೇ ಹೋಗುತ್ತಿದ್ದವನು ನಿಂತ.
ಓದಿದ. ಬಹಳ ಹೊತ್ತು ಓದಿದ, ಎರಡೇ ಅಂಕಿಯನ್ನು.
"ಮೂವತ್ತೆಂಟಾ? ಅಂತೂ ಕೆಳಗಿಳಿದೆ, ಅಣ್ಣ.
ಹೋಗಲಿ, ನಾನೂ ಅಲ್ಲಿಗೇ ಬರುತ್ತೇನೆ."

ತಿದ್ದಲಿಲ್ಲ ನಾನು.
ಬೆಂಚಿನ ಮೇಲೆ ಸ್ವಲ್ಪ ಸರಿದೆ,
ಚಹಾ ಬಗ್ಗಿಸಿದೆ.